ಮನೆಯಲ್ಲೇ ಬಿಟ್‌ಕಾಯಿನ್ ಮೈನಿಂಗ್ ಯಂತ್ರ: ಕಟ್ಟುವ ಮುನ್ನ ಮೀಟರ್ ನೋಡಿ

ಮೈನಿಂಗ್ ಅಂದಾಕ್ಷಣ ಕರ್ನಾಟಕದವರ ಕಣ್ಣಮುಂದೆ ಬರೋದು ಬಳ್ಳಾರಿಯ ಕೆಂಪು ಧೂಳು. 2021ರಲ್ಲಿ ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಆರು ಗ್ರಾಫಿಕ್ಸ್ ಕಾರ್ಡ್ ಜೋಡಿಸಿ ನಾನೊಂದು ಯಂತ್ರ ಕಟ್ಟಿದ್ದೆ. ಊರಿಂದ ಫೋನ್ ಮಾಡಿದ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಮೈನಿಂಗ್ ಅಂತಿ, ಅದಿರು ಎಲ್ಲೈತಿ?" ಪ್ರಶ್ನೆ ತಮಾಷೆಯದಲ್ಲ. ಇಲ್ಲಿ ಅದಿರು ಅಂದ್ರೆ ಕರೆಂಟು. ಈಗಲೂ ವಾರಕ್ಕೊಬ್ಬರಾದರೂ ಹುಡುಗರು "ಮನೆಯಲ್ಲೇ ರಿಗ್ ಕಟ್ಟೋದು ಹೇಗೆ?" ಅಂತ ಕೇಳ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಇಡುತ್ತಿದ್ದೇನೆ.

ಮೊದಲು ಯಂತ್ರ ಏನು ಮಾಡುತ್ತೆ ಅನ್ನೋದು. ಬಿಟ್‌ಕಾಯಿನ್‌ನಲ್ಲಿ ಸರಾಸರಿ 10 ನಿಮಿಷಕ್ಕೊಮ್ಮೆ ವಹಿವಾಟುಗಳ ಒಂದು ಕಂತೆ, ಅಂದರೆ ಬ್ಲಾಕ್, ಲೆಕ್ಕದ ಪುಸ್ತಕಕ್ಕೆ ಸೇರುತ್ತೆ. ಅದನ್ನು ಸೇರಿಸುವ ಹಕ್ಕಿಗಾಗಿ ಜಗತ್ತಿನ ಯಂತ್ರಗಳೆಲ್ಲ ಎಸ್‌ಎಚ್‌ಎ-256 ಎಂಬ ಸೂತ್ರಕ್ಕೆ ಸಂಖ್ಯೆಗಳನ್ನು ಹಾಕಿ ಹಾಕಿ, ನಿಗದಿತ ಮಿತಿಗಿಂತ ಚಿಕ್ಕ ಉತ್ತರ ಬರುತ್ತಾ ಅಂತ ನೋಡುತ್ತವೆ. ಇದರಲ್ಲಿ ಜಾಣತನ ಏನೂ ಇಲ್ಲ, ಬರೀ ಊಹೆ. ಗೆದ್ದವರಿಗೆ 2009ರಲ್ಲಿ 50 ನಾಣ್ಯ ಸಿಗುತ್ತಿತ್ತು. ಅದು ಅರ್ಧರ್ಧ ಆಗುತ್ತಾ ಬಂದು 2024ರ ಏಪ್ರಿಲ್‌ನಿಂದ 3.125ಕ್ಕೆ ಇಳಿದಿದೆ. ಯಂತ್ರಗಳು ಜಾಸ್ತಿಯಾದರೆ ನಾಣ್ಯ ಜಾಸ್ತಿ ಆಗಲ್ಲ. ಪ್ರತಿ 2016 ಬ್ಲಾಕ್‌ಗೊಮ್ಮೆ ಲೆಕ್ಕ ತಾನಾಗೇ ಕಷ್ಟ ಆಗುತ್ತೆ, ಅಷ್ಟೇ. ಹಾಗಾಗಿ ನಿಮ್ಮ ಪೈಪೋಟಿ ಟೆಕ್ಸಾಸ್‌ನ ಗೋದಾಮುಗಳ ಜೊತೆ.

ಶುರುವಿನಲ್ಲಿ ಮಾಮೂಲಿ ಕಂಪ್ಯೂಟರಿನ ಪ್ರೊಸೆಸರ್ ಸಾಕಾಗಿತ್ತು. ಒಂದು ಪ್ರೊಸೆಸರ್‌ಗೆ ಒಂದು ಮತ ಎಂಬಂಥ ಕಲ್ಪನೆ ಅದರ ಮೂಲ ಪ್ರಬಂಧದಲ್ಲೇ ಇತ್ತು. ಆಮೇಲೆ ಗ್ರಾಫಿಕ್ಸ್ ಕಾರ್ಡ್ ಬಂತು. 2013ರಿಂದ ಈ ಒಂದೇ ಕೆಲಸಕ್ಕೆ ತಯಾರಾದ ಎಸಿಕ್ ಚಿಪ್‌ಗಳು ಬಂದವು. ಅಲ್ಲಿಗೆ ಮತದ ಕಥೆ ಮುಗೀತು. ಆ ಚಿಪ್ ಅನ್ನು ಮನೆಯಲ್ಲಿ ಯಾರೂ ಮಾಡೋಕಾಗಲ್ಲ. ವಿನ್ಯಾಸ ಬೆರಳೆಣಿಕೆಯ ಕಂಪನಿಗಳದ್ದು, ತಯಾರಿ ತೈವಾನ್‌ನಂಥ ಕಡೆಯ ಕಾರ್ಖಾನೆಗಳದ್ದು. "ಸ್ವಂತ ಯಂತ್ರ" ಅಂದರೆ ನಾವು ಮಾಡೋದು ಜೋಡಣೆ ಮಾತ್ರ. ವಿಕೇಂದ್ರೀಕರಣದ ಬಗ್ಗೆ ಭಾಷಣ ಹೊಡೆಯುವ ಗೆಳೆಯರು ಇದನ್ನು ಯಾಕೋ ಹೇಳೋದೇ ಇಲ್ಲ.

ಜೋಡಣೆಯಲ್ಲಿ ಮೂರು ದಾರಿ ಇವೆ. ಗ್ರಾಫಿಕ್ಸ್ ಕಾರ್ಡ್‌ಗಳ ರಿಗ್ ಹಳೆಯದು. ಕಬ್ಬಿಣದ ಬಯಲು ಚೌಕಟ್ಟು, ಒಂದು ಮದರ್‌ಬೋರ್ಡ್, ಕಾರ್ಡ್‌ಗಳನ್ನು ದೂರ ದೂರ ಇಡಲು ರೈಸರ್‌ಗಳು, ಒಳ್ಳೆಯ ಪವರ್ ಸಪ್ಲೈ, ಫ್ಯಾನು. ಎಸ್‌ಪಿ ರೋಡಲ್ಲಿ ಅರ್ಧ ದಿನ ಸುತ್ತಿದರೆ ಹೆಚ್ಚುಕಡಿಮೆ ಎಲ್ಲಾ ಸಿಗುತ್ತೆ. ಎಲ್ಲರೂ ಎಡವೋದು ಒಂದು ಕಡೆ. ರೈಸರ್‌ಗೆ ಹಾರ್ಡ್‌ಡಿಸ್ಕ್‌ನ ಸಾಟಾ ತಂತಿಯಿಂದ ಕರೆಂಟು ಕೊಡೋದು. ಆ ಕನೆಕ್ಟರ್ ತಡೆಯೋದು 54 ವ್ಯಾಟ್, ಕಾರ್ಡ್ ಸ್ಲಾಟ್‌ನಿಂದ ಎಳೆಯಬಹುದಾದದ್ದು 75 ವ್ಯಾಟ್. ನನ್ನದು ಮೂರನೇ ರಾತ್ರಿ ಕರಗಿತು. ವಾಸನೆಗೆ ಎಚ್ಚರ ಆಗದಿದ್ದರೆ ಈ ಲೇಖನ ಬೇರೆಯವರು ಬರೀಬೇಕಿತ್ತು. ದಯವಿಟ್ಟು ಆರು ಪಿನ್ನಿನ ಪಿಸಿಐ ತಂತಿಯನ್ನೇ ಬಳಸಿ.

ಆದರೆ ಈಗ ಆ ರಿಗ್ ಕಟ್ಟೋ ಅರ್ಥವೇ ಕಮ್ಮಿ. ಕಾರ್ಡ್‌ಗಳಿಗೆ ಅನ್ನ ಹಾಕುತ್ತಿದ್ದದ್ದು ಎಥೀರಿಯಂ. 2022ರ ಸೆಪ್ಟೆಂಬರ್ 15ರಂದು ಅದು ಮೈನಿಂಗನ್ನೇ ಕೈಬಿಟ್ಟಿತು. ಅದರ ವಿದ್ಯುತ್ ಬಳಕೆ ಶೇ. 99ಕ್ಕೂ ಹೆಚ್ಚು ಇಳಿಯಿತು, ನನ್ನ ರಿಗ್ ರಾತ್ರೋರಾತ್ರಿ ಗುಜರಿ ಆಯಿತು.

ಎರಡನೇ ದಾರಿ, ಸೆಕೆಂಡ್ ಹ್ಯಾಂಡ್ ಎಸಿಕ್. ಇಲ್ಲಿ ಕೂತು ಲೆಕ್ಕ ಹಾಕಲೇಬೇಕು. ಆಂಟ್‌ಮೈನರ್ ಎಸ್19 ಪ್ರೊ ತಗೊಳ್ಳಿ: 110 ಟೆರಾಹ್ಯಾಶ್, 3,250 ವ್ಯಾಟ್. ಅಂದರೆ 14 ಆಂಪಿಯರ್, ಅದೂ ಹಗಲೂ ರಾತ್ರಿ ಬಿಡುವಿಲ್ಲದೆ. ಗೀಸರ್ ಪಾಯಿಂಟ್ ಅರ್ಧ ಗಂಟೆಗೆ ಸರಿ, 24 ಗಂಟೆಗಲ್ಲ. ಬೋರ್ಡಿನಿಂದ ನೇರವಾಗಿ 4 ಚದರ ಮಿಲಿಮೀಟರ್ ತಂತಿ, ಅದಕ್ಕೇ ಬೇರೆ ಎಂಸಿಬಿ, ಸರಿಯಾದ ಅರ್ಥಿಂಗ್ ಬೇಕು. ಅನೇಕ ಮನೆಗಳ ಮಂಜೂರಾದ ಲೋಡೇ 2-3 ಕಿಲೋವ್ಯಾಟ್. ಇನ್ನು ಸದ್ದು 75 ಡೆಸಿಬೆಲ್, ಮನೆಯೊಳಗೆ ದಿನವಿಡೀ ವ್ಯಾಕ್ಯೂಮ್ ಕ್ಲೀನರ್ ಓಡಿದ ಹಾಗೆ. ಓನರ್ ಎರಡನೇ ದಿನವೇ ಬಾಗಿಲು ತಟ್ಟುತ್ತಾರೆ.

ದಿನಕ್ಕೆ 78 ಯೂನಿಟ್, ತಿಂಗಳಿಗೆ 2,340. ಯೂನಿಟ್‌ಗೆ 6 ರೂಪಾಯಿ ಅಂದುಕೊಂಡರೂ 14,040 ರೂಪಾಯಿ. ಗೃಹಜ್ಯೋತಿಯ 200 ಯೂನಿಟ್ ಮೂರನೇ ದಿನ ಮುಗಿದಿರುತ್ತೆ, ಅದು ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಗಳಿಕೆ? ಜಗತ್ತಿನ ಒಟ್ಟು ಹ್ಯಾಶ್ ವೇಗ 2025ರಲ್ಲಿ ಒಂದು ಜೆಟಾಹ್ಯಾಶ್ ಸುತ್ತಮುತ್ತ ಬಂತು. ದಿನಕ್ಕೆ ಹುಟ್ಟುವ 450 ನಾಣ್ಯದಲ್ಲಿ ನಿಮ್ಮ ಪಾಲು ತಿಂಗಳಿಗೆ ಸುಮಾರು 0.0015. ಒಂದು ಬಿಟ್‌ಕಾಯಿನ್‌ಗೆ ಒಂದು ಕೋಟಿ ರೂಪಾಯಿ ಅಂತ ಧಾರಾಳವಾಗಿ ಹಿಡಿದರೂ 15 ಸಾವಿರ. ಬಿಲ್ ಕಟ್ಟಿದ ಮೇಲೆ ಉಳಿಯೋದು ಒಂದು ಸಾವಿರಕ್ಕೂ ಕಮ್ಮಿ.

ಈಗ ತೆರಿಗೆ. 2022ರಿಂದ ಆದಾಯ ತೆರಿಗೆ ಕಾಯಿದೆಯ ಪ್ರಕಾರ ಕ್ರಿಪ್ಟೊ ಮಾರಾಟದ ಲಾಭಕ್ಕೆ ಶೇ. 30 ತೆರಿಗೆ. ಕಳೆಯಲು ಬಿಡೋದು ಕೊಂಡ ಬೆಲೆಯನ್ನು ಮಾತ್ರ. ಮೈನಿಂಗ್‌ಗೆ ಹಾಕಿದ ಯಂತ್ರದ ಖರ್ಚು ಕೊಂಡ ಬೆಲೆ ಅಲ್ಲ ಅಂತ ಸರ್ಕಾರ 2022ರ ಮಾರ್ಚ್‌ನಲ್ಲಿ ಲೋಕಸಭೆಗೆ ತಿಳಿಸಿತು. ಬೇರೆ ಯಾವ ಖರ್ಚಿಗೂ ಕಾಯಿದೆಯಲ್ಲಿ ಜಾಗ ಇಲ್ಲ, ಕರೆಂಟ್ ಬಿಲ್ಲಿಗೂ ಇಲ್ಲ. ಹಾಗಾಗಿ 15 ಸಾವಿರಕ್ಕೆ ಮಾರಿದರೆ ಸೆಸ್ ಸೇರಿ 4,680 ರೂಪಾಯಿ ತೆರಿಗೆ ಬೀಳಬಹುದು. ಉಳಿದಿದ್ದ ಸಾವಿರ ಹೋಗಿ, ಕೈಯಿಂದಲೇ 3,700 ಹೋಗುತ್ತೆ. ನಷ್ಟವನ್ನು ಬೇರೆ ಆದಾಯದ ಎದುರು ತೋರಿಸುವಂತೆಯೂ ಇಲ್ಲ. ಇದರ ಮೇಲೆ ಮಾರುವಾಗ ಶೇ. 1 ಟಿಡಿಎಸ್ ಹಿಡಿಯುತ್ತಾರೆ. ಅದು ಹೆಚ್ಚುವರಿ ತೆರಿಗೆ ಅಲ್ಲ, ಮುಂಗಡ.

ಮೈನಿಂಗ್ ಅಪರಾಧವಾ ಅಂತ ಕೇಳ್ತಾರೆ. ಅಲ್ಲ. ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಕ್ರಿಪ್ಟೊ ವ್ಯವಹಾರಕ್ಕೆ ಬ್ಯಾಂಕ್ ಸೇವೆ ತಡೆದಿತ್ತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. ನಿಷೇಧಿಸುವ ಕಾನೂನು ಬಂದಿಲ್ಲ, ಕಾಪಾಡುವ ಕಾನೂನೂ ಬಂದಿಲ್ಲ. ನಡುವೆ ತೆರಿಗೆ ಮಾತ್ರ ಬಂದು ಕೂತಿದೆ. ಖರ್ಚು ಕಳೆಯದೆ ತೆರಿಗೆ ಹಾಕೋದು ನನ್ನ ಪ್ರಕಾರ ನ್ಯಾಯವಲ್ಲ. ಬೇಡ ಅಂತಿದ್ದರೆ ಬೇಡ ಅನ್ನಲಿ. ಈ ದರದಲ್ಲಿ ಬಿಲ್ ಕಟ್ಟಿ ನಡೆಸುವವರು ಸೋಲುತ್ತಾರೆ, ಬಿಲ್ ಕಟ್ಟದೆ ನಡೆಸುವವರು ಗೆಲ್ಲುತ್ತಾರೆ.

ಬಿಲ್ ಕಟ್ಟದವರು ಯಾರು? ಕರೆಂಟು ಬಾಡಿಗೆಯಲ್ಲೇ ಸೇರಿರುವ ಪಿಜಿಯಲ್ಲಿ ಮಂಚದ ಕೆಳಗೆ ರಿಗ್ ಇಟ್ಟವನು. ಕಾಲೇಜು ಲ್ಯಾಬಿನ ಕಂಪ್ಯೂಟರುಗಳಲ್ಲಿ ಗುಟ್ಟಾಗಿ ಓಡಿಸುವವನು. ಇದನ್ನು ವ್ಯವಸ್ಥೆಯ ವಿರುದ್ಧ ಬಂಡಾಯ ಅಂತ ನನ್ನೆದುರು ವಾದಿಸಿದವರಿದ್ದಾರೆ. ಪಕ್ಕದ ರೂಮಿನ ಹುಡುಗರ ಮುಂದಿನ ತಿಂಗಳ ಬಾಡಿಗೆ ಏರೋದು ಯಾವ ಬಂಡಾಯವೋ ನನಗಂತೂ ಗೊತ್ತಾಗಲಿಲ್ಲ.

ಮೂರನೇ ದಾರಿ ನನಗೆ ಇಷ್ಟವಾದದ್ದು: ಬಿಟ್‌ಆಕ್ಸ್. ಅಂಗೈಯಗಲದ ಬೋರ್ಡು, ಅದರ ಮೇಲೆ ಆಂಟ್‌ಮೈನರ್‌ನಲ್ಲಿ ಬರುವಂಥದ್ದೇ ಒಂದು ಚಿಪ್, ನಿಯಂತ್ರಣಕ್ಕೆ ಇಎಸ್‌ಪಿ32. ಸರ್ಕ್ಯೂಟ್ ನಕ್ಷೆ, ಸಾಫ್ಟ್‌ವೇರ್ ಎರಡೂ ಮುಕ್ತ. ಬೆಸುಗೆ ಹಾಕೋಕೆ ಬರುವವರು ಬೋರ್ಡ್ ಮಾಡಿಸಿಕೊಂಡು ತಾವೇ ಕೂರಿಸಬಹುದು, ಆದರೆ ಆ ಚಿಪ್ ಕೂರಿಸಲು ಬಿಸಿಗಾಳಿಯ ಯಂತ್ರವೂ ತಾಳ್ಮೆಯೂ ಬೇಕು. ಹೊಸ ಮಾದರಿ 1.2 ಟೆರಾಹ್ಯಾಶ್ ಕೊಡುತ್ತೆ, ಎಳೆಯೋದು 18 ವ್ಯಾಟ್. ಒಬ್ಬರೇ ಬ್ಲಾಕ್ ಗೆಲ್ಲಬೇಕು ಅಂದರೆ ಈಗಿನ ಲೆಕ್ಕದಲ್ಲಿ ಸರಾಸರಿ 16 ಸಾವಿರ ವರ್ಷ ಕಾಯಬೇಕು. ದುಡ್ಡಿಗಾಗಿ ಇದನ್ನು ಕಟ್ಟಬೇಡಿ. ಮುಚ್ಚಿದ ಪೆಟ್ಟಿಗೆಯೊಳಗೆ ಏನಿದೆ ಅಂತ ತಿಳಿಯೋಕೆ ಇದಕ್ಕಿಂತ ಅಗ್ಗದ ಪಾಠ ನನಗೆ ಸಿಕ್ಕಿಲ್ಲ.

ನನ್ನ ಹಳೇ ಕಾರ್ಡ್‌ಗಳಲ್ಲಿ ನಾಲ್ಕನ್ನು ಕೊಂಡ ಬೆಲೆಯ ಅರ್ಧಕ್ಕೆ ಮಾರಿದೆ. ಉಳಿದ ಎರಡರಲ್ಲಿ ಗೆಳೆಯನೊಬ್ಬ ವಿಡಿಯೊ ಎಡಿಟ್ ಮಾಡುತ್ತಾನೆ. ಪುಸ್ತಕದ ಕಪಾಟಿನ ಮೇಲೆ ಈಗ ಒಂದು ಬಿಟ್‌ಆಕ್ಸ್ ಓಡುತ್ತಿದೆ, ತಿಂಗಳಿಗೆ 13 ಯೂನಿಟ್.