ಕಂಬಳದ ಗೇಮಿಗೆ ದುಡ್ಡು ಯಾರು ಕೊಡ್ತಾರೆ? ಪಿಚ್ ಡೆಕ್ ಮಾಡುವವರಿಗೊಂದು ಕೈಪಿಡಿ

ಕಳೆದ ಬಾರಿ ವೇಣೂರಿಗೆ ಹೋದಾಗ ಚಿಕ್ಕಮ್ಮನ ಮಗ ಲ್ಯಾಪ್‌ಟಾಪ್ ಹಿಡಿದು ಜಗಲಿಗೆ ಬಂದ. ಬೆಂಗಳೂರಿನ ಕೆಲಸ ಬಿಟ್ಟು, ಮೂವರು ಗೆಳೆಯರ ಜೊತೆ ಕಂಬಳದ ಮೇಲೊಂದು ವಿಡಿಯೊ ಗೇಮ್ ಮಾಡ್ತಿದ್ದಾನೆ. ಉಳಿತಾಯ ಮುಗಿಯುತ್ತಾ ಬಂದಿದೆ. ಅಡಿಕೆ ತೋಟದ ಮೇಲೆ ಸಾಲ ಎತ್ತುವ ಮಾತು ಮನೆಯಲ್ಲಿ ಶುರುವಾಗಿದೆ. "ಅಣ್ಣ, ಮುಂದಿನ ವಾರ ಒಬ್ರಿಗೆ ಕಳಿಸ್ಲಿಕ್ಕುಂಟು. ಒಮ್ಮೆ ನೋಡಿ ಹೇಳು" ಅಂದ.

ಒಟ್ಟು 34 ಸ್ಲೈಡು. ಮೊದಲ ಒಂಬತ್ತರಲ್ಲಿ ತುಳುನಾಡಿನ ಇತಿಹಾಸ. ಗೇಮಿನ ಮೊದಲ ಚಿತ್ರ 15ನೇ ಸ್ಲೈಡಿನಲ್ಲಿ. ಎಷ್ಟು ದುಡ್ಡು ಬೇಕು ಅನ್ನೋದು ಮಾತ್ರ ಎಲ್ಲೂ ಇರಲಿಲ್ಲ.

ನಾನು ನಗಲಿಲ್ಲ. ಎಂಜಿನಿಯರಿಂಗ್ ಮುಗಿಸಿದ ವರ್ಷ ನಾನೂ ಗೆಳೆಯರ ಜೊತೆ ಒಂದು ಆ್ಯಪ್ ಮಾಡಿ ಹೂಡಿಕೆದಾರರೊಬ್ಬರ ಮುಂದೆ ಕೂತಿದ್ದೆ. "ಇದಕ್ಕೆ ದುಡ್ಡು ಕೊಡುವವರು ಯಾರು?" ಅಂತ ಕೇಳಿದರು. ಭಾರತದ ಮೊಬೈಲ್ ಮಾರುಕಟ್ಟೆಯ ಗ್ರಾಫನ್ನು ಮತ್ತೆ ತೋರಿಸಿದೆ. ಅಲ್ಲಿಗೆ ಮಾತು ಮುಗಿಯಿತು. ಆಗ ಯಾರೂ ಹೇಳಿಕೊಡದ ವಿಷಯಗಳನ್ನು ಈಗ ಬರೆಯುತ್ತಿದ್ದೇನೆ.

ಮೊದಲು, ಕೇಳುವುದು ಯಾರನ್ನ?

ಗೇಮಿಗೆ ದುಡ್ಡು ಕೊಡುವವರು ಮುಖ್ಯವಾಗಿ ನಾಲ್ಕು ಬಗೆ. ಎಲ್ಲರಿಗೂ ಒಂದೇ ಡೆಕ್ ಕಳಿಸುವುದು ಮೊದಲ ತಪ್ಪು.

ಪಬ್ಲಿಷರ್ ನೋಡುವುದು ಒಂದು ಗೇಮನ್ನು. ಹಾಕಿದ ದುಡ್ಡನ್ನು ಮಾರಾಟದಿಂದ ಮೊದಲು ವಾಪಸ್ ಪಡೆದು, ಆಮೇಲೆ ಲಾಭ ಹಂಚಿಕೊಳ್ಳುತ್ತಾರೆ. ಲುಮಿಕೈನಂಥ ವೆಂಚರ್ ಫಂಡ್ ನೋಡುವುದು ಕಂಪನಿಯನ್ನು. ಇದೊಂದು ಗೇಮ್ ಸೋತರೂ ನಿಮ್ಮ ತಂಡ ಹತ್ತು ಪಟ್ಟು ಬೆಳೆಯಬಲ್ಲದೇ ಅನ್ನೋದು ಅವರ ಪ್ರಶ್ನೆ. ಮೂರನೆಯದು ಅನುದಾನ ಮತ್ತು ಇನ್‌ಕ್ಯುಬೇಟರ್: ಕ್ರಾಫ್ಟನ್ ಇಂಡಿಯಾದ ಗೇಮಿಂಗ್ ಇನ್‌ಕ್ಯುಬೇಟರ್, ಸೋನಿಯ ಇಂಡಿಯಾ ಹೀರೋ ಪ್ರಾಜೆಕ್ಟ್, ನಮ್ಮ ರಾಜ್ಯ ಸರ್ಕಾರದ ಎಲಿವೇಟ್ ಯೋಜನೆ. ಎಲಿವೇಟ್‌ನಲ್ಲಿ ಆಯ್ಕೆಯಾದ ಸ್ಟಾರ್ಟಪ್‌ಗೆ 50 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತದೆ, ಕಂಪನಿಯ ಪಾಲು ಕೊಡಬೇಕಿಲ್ಲ. ಅನಿಮೇಷನ್ ಮತ್ತು ಗೇಮಿಂಗ್‌ಗೆಂದೇ 2012ರಲ್ಲಿ ನೀತಿ ತಂದ ಮೊದಲ ರಾಜ್ಯ ಕರ್ನಾಟಕ. ಈಗಿನ ನೀತಿ 2024ರಿಂದ 2029ರವರೆಗಿನದು.

ನಾಲ್ಕನೆಯದು ಜನರಿಂದಲೇ ಸಂಗ್ರಹ. ಪುಣೆಯ ನೋಡಿಂಗ್ ಹೆಡ್ಸ್ ತಂಡದ 'ರಾಜಿ' 2017ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಗುರಿ ಮುಟ್ಟಲಿಲ್ಲ. ಆದರೆ ಆಡಿಸಲು ಒಂದು ಡೆಮೊ ಅವರ ಕೈಯಲ್ಲಿತ್ತು. ಮುಂದೆ ಎಪಿಕ್ ಗೇಮ್ಸ್‌ನ ಅನುದಾನ ಸಿಕ್ಕಿತು, 2020ರಲ್ಲಿ ಗೇಮ್ ಬಿಡುಗಡೆಯಾಯಿತು. ಡೆಕ್ ಸೋತರೂ ಡೆಮೊ ಉಳಿಯುತ್ತದೆ.

13 ಸೆಕೆಂಡಿನ ಪ್ರಶ್ನೆ

"ನಿನ್ನ ಗೇಮಲ್ಲಿ ಆಡುವವ ಎಂತ ಮಾಡ್ತಾನೆ?" ಅಂತ ತಮ್ಮನನ್ನು ಕೇಳಿದೆ. ಅವನು ಕಥೆ ಹೇಳಲಿಕ್ಕೆ ಶುರು ಮಾಡಿದ. ಕಥೆ ಬೇಡ, ಬೆರಳು ಏನು ಮಾಡುತ್ತದೆ ಹೇಳು ಅಂದೆ. ಸುಮ್ಮನಾದ.

2020ರ ಫೆಬ್ರುವರಿ ನೆನಪಿರಬಹುದು. ಐಕಳದಲ್ಲಿ ಶ್ರೀನಿವಾಸ ಗೌಡ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿ ದೇಶವಿಡೀ ಸುದ್ದಿಯಾದರು. ಕೆಲವೇ ದಿನಗಳಲ್ಲಿ ನಮ್ಮ ವೇಣೂರಿನ ಸೂರ್ಯ-ಚಂದ್ರ ಜೋಡುಕರೆಯಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಗಿಸಿದರು. ಅಂದರೆ ಒಂದು ಓಟಕ್ಕೆ ಹದಿಮೂರು ಚಿಲ್ಲರೆ ಸೆಕೆಂಡು. ಅಷ್ಟರೊಳಗೆ ಆಡುವವನ ಕೈಗೆ ಏನು ಕೆಲಸ? ಎರಡು ಕೋಣಗಳ ಹೆಜ್ಜೆ ಹೊಂದಿಸುವುದೇ? ಕೆಸರಿನಲ್ಲಿ ಕಾಲು ಜಾರದ ಹಾಗೆ ನೋಡಿಕೊಳ್ಳುವುದೇ? ಸೋತವನು ತಕ್ಷಣ ಇನ್ನೊಮ್ಮೆ ಅನ್ನುತ್ತಾನೆಯೇ? ಗೇಮ್ ಉದ್ಯಮದಲ್ಲಿ ಇದಕ್ಕೆ ಕೋರ್ ಲೂಪ್ ಅನ್ನುತ್ತಾರೆ. ಡೆಕ್ಕಿನ ಜೀವ ಇರುವುದು ಇಲ್ಲಿ. ಕಂಬಳದ ಹಿರಿಮೆಗಾಗಿ ಯಾರೂ ದುಡ್ಡು ಹಾಕುವುದಿಲ್ಲ. ಈ 13 ಸೆಕೆಂಡು ಮಜಾ ಇದ್ದರೆ ಹಾಕುತ್ತಾರೆ.

ಹನ್ನೆರಡು ಸ್ಲೈಡು ಸಾಕು

1. ಹೆಸರು, ಒಂದು ಒಳ್ಳೆಯ ಚಿತ್ರ, ಒಂದೇ ವಾಕ್ಯದಲ್ಲಿ ಗೇಮ್.
2. ಆಟದ ಅರ್ಧ ನಿಮಿಷದ ವಿಡಿಯೊ. ಗ್ರಾಫಿಕ್ಸ್ ಕಚ್ಚಾ ಇದ್ದರೂ ಪರವಾಗಿಲ್ಲ, ಸುಳ್ಳು ಇರಬಾರದು.
3. ಕೋರ್ ಲೂಪ್.
4. ಬೇರೆ ಗೇಮುಗಳಲ್ಲಿ ಇಲ್ಲದ್ದು ಇದರಲ್ಲಿ ಏನಿದೆ.
5. ಲೋಕ ಮತ್ತು ಕಲೆ. ತುಳುನಾಡಿಗೆ ಜಾಗ ಇಲ್ಲಿ, ಒಂದೇ ಸ್ಲೈಡು.
6. ಆಡುವವರು ಯಾರು, ಯಾವ ಯಂತ್ರದಲ್ಲಿ.
7. ಹೋಲಿಕೆಯ ಗೇಮುಗಳು.
8. ಈವರೆಗೆ ಆದದ್ದು: ಡೆಮೊ, ಸ್ಟೀಮ್ ವಿಶ್‌ಲಿಸ್ಟ್, ಆಡಿದವರ ಮಾತು.
9. ತಂಡ.
10. ವೇಳಾಪಟ್ಟಿ.
11. ಬಜೆಟ್ ಮತ್ತು ಕೇಳುತ್ತಿರುವ ಮೊತ್ತ.
12. ಅಪಾಯಗಳು, ಸಂಪರ್ಕ, ಡೆಮೊ ಲಿಂಕ್.

ಏಳನೆಯದರಲ್ಲಿ ಹೆಚ್ಚಿನವರು ಜಾರುತ್ತಾರೆ. ತಮ್ಮ ಹಾಕಿದ್ದು ಚೀನಾದ 'ಬ್ಲ್ಯಾಕ್ ಮಿತ್: ವುಕಾಂಗ್'. ನಾಲ್ಕು ಜನರ ತಂಡ ಅದನ್ನು ಹೋಲಿಕೆಗೆ ಇಟ್ಟರೆ ಓದುವವರು ಅಲ್ಲೇ ಫೈಲು ಮುಚ್ಚುತ್ತಾರೆ. ಅದಕ್ಕಿಂತ 'ವೆನ್ಬಾ' ಒಳ್ಳೆಯ ಉದಾಹರಣೆ. ಕೆನಡಾದ ಸಣ್ಣ ತಂಡ, ತಮಿಳು ಕುಟುಂಬದ ಅಡುಗೆಮನೆಯ ಕಥೆ, 2023ರ ಬಿಡುಗಡೆ, ಮರುವರ್ಷ ಚೊಚ್ಚಲ ಗೇಮಿಗೆ ಬಾಫ್ಟಾ. ತೀರಾ ಊರಿನದ್ದಾದ ವಿಷಯ ಹೊರಗಿನವರಿಗೂ ದಾಟುತ್ತದೆ ಅನ್ನೋದಕ್ಕೆ ಅದು ಸಾಕ್ಷಿ.

ಒಂಬತ್ತನೆಯದರಲ್ಲಿ ಕರಾವಳಿಯಲ್ಲಿ ಕೂತು ಕೆಲಸ ಮಾಡುವುದಕ್ಕೆ ನಾಚಿಕೆ ಬೇಡ. 'ಧೂಮ್ 3' ಮತ್ತು 'ಸ್ಟಾರ್ ಶೆಫ್' ಗೇಮುಗಳು ಬಂದದ್ದು ಉಡುಪಿಯ 99ಗೇಮ್ಸ್‌ನಿಂದ. ಕಡಿಮೆ ಬಾಡಿಗೆಯೂ ಡೆಕ್ಕಿನಲ್ಲಿ ಹೇಳಬಹುದಾದ ಬಲವೇ.

ಲೆಕ್ಕ ಹಾಕೋಣ

ಉದಾಹರಣೆಗೆ, ನಾಲ್ವರು, 18 ತಿಂಗಳು, ತಲಾ ತಿಂಗಳಿಗೆ 45,000: ಒಟ್ಟು 32.4 ಲಕ್ಷ. ಸಂಗೀತ ಮತ್ತು ಸದ್ದಿಗೆ 3, ಯಂತ್ರ ಮತ್ತು ಪರೀಕ್ಷೆಗೆ 2, ಅನುವಾದಕ್ಕೆ 1, ಪ್ರಚಾರಕ್ಕೆ 5 ಲಕ್ಷ. ಅಲ್ಲಿಗೆ 43.4. ತಡವಾದರೆ ಇರಲಿ ಅಂತ ಶೇ 15 ಸೇರಿಸಿದರೆ ಸುಮಾರು 50 ಲಕ್ಷ.

ಈಗ ತಿರುಗಿಸಿ. ಬೆಲೆ 500 ರೂಪಾಯಿ ಇಟ್ಟರೆ ಸ್ಟೀಮ್ ಶೇ 30 ಹಿಡಿಯುತ್ತದೆ, ಉಳಿಯುವುದು 350. ರಿಯಾಯಿತಿ, ತೆರಿಗೆ, ವಾಪಸಾತಿ ಕಳೆದು ಕೈಗೆ 250 ಬರುತ್ತದೆ ಅಂದುಕೊಳ್ಳಿ. ಹಾಕಿದ ದುಡ್ಡು ಹುಟ್ಟಲಿಕ್ಕೇ 20,000 ಪ್ರತಿ ಮಾರಬೇಕು. ಅಷ್ಟು ಜನ ಎಲ್ಲಿದ್ದಾರೆ, ಅವರಿಗೆ ಸುದ್ದಿ ಮುಟ್ಟುವುದು ಹೇಗೆ? ಈ ಎರಡಕ್ಕೆ ಉತ್ತರ ಇಲ್ಲದಿದ್ದರೆ ಗೇಮನ್ನು ಸಣ್ಣದು ಮಾಡಿ, ಬಜೆಟ್ಟನ್ನೂ ಇಳಿಸಿ. ಬಜೆಟ್ ಹಾಗೇ ಇಟ್ಟು ಮಾರುಕಟ್ಟೆಯನ್ನು ದೊಡ್ಡದು ಮಾಡಿ ತೋರಿಸುವುದು ಬೇಡ. ನಾನು ಮಾಡಿದ್ದು ಅದನ್ನೇ.

ತಮ್ಮ ತಂಡದವರ ಸಂಬಳ ಸೊನ್ನೆ ಅಂತ ಬರೆದಿದ್ದ. ತ್ಯಾಗ ತೋರಿಸುವ ಆಸೆ. ಓದುವವರಿಗೆ ಕಾಣುವುದು ಬೇರೆ: ಆರನೇ ತಿಂಗಳಿಗೆ ಇವರಲ್ಲಿ ಇಬ್ಬರು ಬೇರೆ ಕೆಲಸಕ್ಕೆ ಹೋಗುತ್ತಾರೆ, ಅಷ್ಟೇ.

ಅಪಾಯವನ್ನು ಮುಚ್ಚಿಡಬೇಡಿ

ಕಂಬಳ ಅಂದ ಕೂಡಲೇ ಹೊರದೇಶದ ಪಬ್ಲಿಷರ್ ಪ್ರಾಣಿಹಿಂಸೆಯ ಬಗ್ಗೆ ಕೇಳುತ್ತಾರೆ. ಅವರು ಕೇಳುವ ಮೊದಲು ನೀವೇ ಹೇಳಿ: 2017ರ ರಾಜ್ಯದ ತಿದ್ದುಪಡಿಯನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರ ಮೇನಲ್ಲಿ ಎತ್ತಿಹಿಡಿದಿದೆ. ಆದರೆ ಕಾನೂನಿನ ಉತ್ತರವಷ್ಟೇ ಸಾಲದು. ನಿಮ್ಮ ಗೇಮಿನಲ್ಲಿ ಕೋಣಕ್ಕೆ ಹೊಡೆದರೆ ವೇಗ ಹೆಚ್ಚುತ್ತದೆಯೇ, ಅದನ್ನು ಸಾಕಿ ಪಳಗಿಸಿದರೆ ಹೆಚ್ಚುತ್ತದೆಯೇ ಅನ್ನೋದನ್ನೂ ತೋರಿಸಿ.

ಇನ್ನೊಂದು: 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಗೇಮುಗಳನ್ನು ನಿಷೇಧಿಸಿದೆ. ಓಟದ ಗೇಮ್ ಅಂದಾಗ ಬಾಜಿಯ ಅನುಮಾನ ಸಹಜ. "ಇದರಲ್ಲಿ ಹಣ ಪಣಕ್ಕಿಡುವ ವ್ಯವಸ್ಥೆ ಇಲ್ಲ" ಅಂತ ಒಂದು ಸಾಲು ಬರೆದುಬಿಡಿ.

ತಮ್ಮ ಆ ವಾರ ಡೆಕ್ ಕಳಿಸಲಿಲ್ಲ. 34 ಸ್ಲೈಡು 12ಕ್ಕಿಳಿಯಿತು, ಗೇಮಿನಲ್ಲಿದ್ದ ಎಂಟು ಊರು ಮೂರಾಯಿತು, ಕೇಳುವ ಮೊತ್ತ ಮೊದಲ ಸಲ ಬರೆಯಲ್ಪಟ್ಟಿತು. ಒಂದು ತಿಂಗಳು ಆ 13 ಸೆಕೆಂಡಿನ ಮೇಲೇ ಕೂತು ಆಮೇಲೆ ಕಳಿಸಿದ. ಉತ್ತರ ಇನ್ನೂ ಬಂದಿಲ್ಲ, ಬಾರದೆಯೂ ಇರಬಹುದು. ಆದರೆ 20,000 ಪ್ರತಿಗಳ ಲೆಕ್ಕವನ್ನು ಚಿಕ್ಕಪ್ಪನ ಮುಂದೆ ಅವನೇ ಕೂತು ಹೇಳಿದ. ಕೇಳಿದ ಮೇಲೆ ಇಬ್ಬರೂ ಸೇರಿ ತೋಟದ ಸಾಲದ ಮಾತನ್ನು ಸದ್ಯಕ್ಕೆ ಬದಿಗಿಟ್ಟರು.