ಅಮೆರಿಕದ ಜನ ಮನಸ್ಸು ಬದಲಿಸುವುದು ಯಾವಾಗ?

ಮರವಂತೆ ದಾಟಿದರೆ ಸಿಗುವ ನಾವುಂದದವರಿಗೆ ಅಮೆರಿಕದ ಜನಾಭಿಪ್ರಾಯ ಕಟ್ಟಿಕೊಂಡು ಏನಾಗಬೇಕು ಎಂದು ಯಾರಾದರೂ ಕೇಳಿಯಾರು. ಆದರೆ ಕುಂದಾಪುರದಿಂದ ಬೈಂದೂರು, ಭಟ್ಕಳದ ತನಕ ನಮ್ಮ ಎಷ್ಟೋ ಮನೆಗಳ ಒಲೆ ಉರಿಯುತ್ತಿರುವುದು ಗಲ್ಫಿನ ದುಡಿಮೆಯಿಂದ. ಆ ಗಲ್ಫಿನಲ್ಲಿ ಯುದ್ಧವೋ ಶಾಂತಿಯೋ ಎಂಬುದು ವಾಷಿಂಗ್ಟನ್ನಿನಲ್ಲಿ ತೀರ್ಮಾನವಾದದ್ದನ್ನು ನಾವು ಒಂದಲ್ಲ, ಹಲವು ಬಾರಿ ಕಂಡಿದ್ದೇವೆ.

1990ರ ಆಗಸ್ಟ್ 2ರಂದು ಸದ್ದಾಂ ಹುಸೇನರ ಸೇನೆ ಕುವೈತಿಗೆ ನುಗ್ಗಿತು. ಆಗ ಮನೆ ಮನೆಯಲ್ಲಿ ಫೋನ್ ಇರಲಿಲ್ಲ. ಮಗನೋ ಗಂಡನೋ ಬದುಕಿದ್ದಾನೆಯೇ ಎಂದು ತಿಳಿಯಲು ರೇಡಿಯೋ ವಾರ್ತೆ, ಊರಿಗೆ ಮರಳಿದವರ ಬಾಯಿಮಾತುಗಳೇ ಗತಿ. ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಅಮ್ಮಾನ್ ಮೂಲಕ ವಿಮಾನಗಳಲ್ಲಿ ಕರೆತರಲಾಯಿತು. ಜೀವಮಾನದ ಗಳಿಕೆಯನ್ನು ಅಲ್ಲೇ ಬಿಟ್ಟು ಬರಿಗೈಯಲ್ಲಿ ಬಂದವರೇ ಹೆಚ್ಚು.

ಅದೇ ಹೊತ್ತಿಗೆ ಅಮೆರಿಕದಲ್ಲಿ ಜನರ ಮನಸ್ಸನ್ನು ಯುದ್ಧಕ್ಕೆ ಹದ ಮಾಡಲಾಗುತ್ತಿತ್ತು. ಅಕ್ಟೋಬರ್ 10ರಂದು ನಾಯಿರಾ ಎಂಬ ಹದಿನೈದರ ಹುಡುಗಿ ಅಲ್ಲಿನ ಸಂಸದರ ಮುಂದೆ ಅಳುತ್ತಾ ಸಾಕ್ಷಿ ಹೇಳಿದಳು: ಇರಾಕಿ ಸೈನಿಕರು ಆಸ್ಪತ್ರೆಯ ಇನ್‌ಕ್ಯುಬೇಟರ್‌ಗಳಿಂದ ಹಸುಗೂಸುಗಳನ್ನು ಎತ್ತಿ ನೆಲಕ್ಕೆ ಹಾಕಿ ಸಾಯಿಸಿದರು ಎಂದು. ದೇಶವೇ ಮರುಗಿತು. 1991ರ ಜನವರಿ 12ರಂದು ಸೆನೆಟ್ 52-47ರ ಅಲ್ಪ ಅಂತರದಿಂದ ಯುದ್ಧಕ್ಕೆ ಒಪ್ಪಿಗೆ ಕೊಟ್ಟಿತು. ಆ ಹುಡುಗಿ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳೆಂದೂ, ಒಂದು ಪ್ರಚಾರ ಸಂಸ್ಥೆ ಆ ಸಾಕ್ಷ್ಯವನ್ನು ಸಜ್ಜುಗೊಳಿಸಿತ್ತೆಂದೂ ಲೋಕಕ್ಕೆ ತಿಳಿದದ್ದು 1992ರಲ್ಲಿ. ಸದ್ದಾಮರ ಆಕ್ರಮಣ ಅನ್ಯಾಯವೇ ಆಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಜವಾದ ಅನ್ಯಾಯವೊಂದು ಕಣ್ಣೆದುರಿಗಿದ್ದಾಗಲೂ ಸುಳ್ಳಿನ ಊರುಗೋಲು ಏಕೆ ಬೇಕಾಯಿತು?

ಯುದ್ಧದ ಆರಂಭದಲ್ಲಿ ಅಮೆರಿಕದ ಜನ ತಮ್ಮ ಅಧ್ಯಕ್ಷರ ಬೆನ್ನಿಗೆ ನಿಲ್ಲುವುದು ಹಳೆಯ ರೂಢಿ. 1941ರಲ್ಲಿ ಪರ್ಲ್ ಹಾರ್ಬರ್ ದಾಳಿಯ ಮರುದಿನ ಕೆಳಮನೆಯಲ್ಲಿ ಯುದ್ಧದ ವಿರುದ್ಧ ಬಿದ್ದದ್ದು ಒಂದೇ ಮತ; ಗಾಂಧೀಜಿಯ ಅಭಿಮಾನಿಯಾಗಿದ್ದ ಜನೆಟ್ ರ‍್ಯಾಂಕಿನ್ ಎಂಬ ಮಹಿಳೆಯದು. ಅರುವತ್ತು ವರ್ಷಗಳ ಬಳಿಕ, 2001ರ ಸೆಪ್ಟೆಂಬರ್ 14ರಂದು, ಅದೇ ಸದನ ಅಧ್ಯಕ್ಷ ಬುಷ್‌ಗೆ ಬಲಪ್ರಯೋಗದ ಅಧಿಕಾರ ಕೊಟ್ಟಾಗಲೂ ಒಂದೇ ವಿರೋಧ ಮತ, ಬಾರ್ಬರಾ ಲೀ ಅವರದು. ಆಕೆಗೆ ಕೊಲೆ ಬೆದರಿಕೆಗಳು ಬಂದವು. 2025ರಲ್ಲಿ ಓಕ್ಲೆಂಡ್ ನಗರದ ಜನ ಅವರನ್ನು ಮೇಯರ್ ಆಗಿ ಆರಿಸಿದರು.

ವಿಯೆಟ್ನಾಂ ಕತೆಯೂ ಹೀಗೆಯೇ ಶುರುವಾಯಿತು. ಸೇನೆ ಕಳುಹಿಸಿದ್ದು ತಪ್ಪು ಎಂದವರು 1965ರ ಗ್ಯಾಲಪ್ ಸಮೀಕ್ಷೆಯಲ್ಲಿ ಶೇ. 24 ಮಾತ್ರ. 1971ರಲ್ಲಿ ಅವರು ಶೇ. 61 ಆದರು. ನಡುವೆ ಏನಾಯಿತು? ಟಿ.ವಿ.ಯಲ್ಲಿ ರಕ್ತ ಕಂಡಿತು ನಿಜ, ವಿದ್ಯಾರ್ಥಿಗಳು ಬೀದಿಗಿಳಿದದ್ದೂ ನಿಜ. ಆದರೆ ಎಲ್ಲಕ್ಕಿಂತ ಮುಖ್ಯವಾಗಿ, ಕಡ್ಡಾಯ ಸೈನ್ಯ ಭರ್ತಿಯಿಂದಾಗಿ ಶವಪೆಟ್ಟಿಗೆಗಳು ಸಾಮಾನ್ಯರ ಮನೆಗೇ ಬರತೊಡಗಿದವು. ಕೊನೆಗೆ ಸತ್ತ ಅಮೆರಿಕನರು 58,000ಕ್ಕೂ ಹೆಚ್ಚು. ಸತ್ತ ವಿಯೆಟ್ನಾಮೀಯರು ಲಕ್ಷಗಟ್ಟಲೆ, ಆದರೆ ಆ ಲೆಕ್ಕ ಅಮೆರಿಕದ ಮತವನ್ನು ಅಷ್ಟಾಗಿ ಕದಲಿಸಲಿಲ್ಲ. 1973ರಲ್ಲಿ ಕಡ್ಡಾಯ ಭರ್ತಿ ನಿಂತಿತು. ಆ ಮೇಲೆ ಯುದ್ಧ ಕೆಲವೇ ಮನೆಗಳ ದುಃಖವಾಯಿತು.

ಈ ಬದಲಾವಣೆಯನ್ನು ಅಳೆಯಲು ಮುಹಮ್ಮದ್ ಅಲಿಗಿಂತ ಒಳ್ಳೆಯ ಮಾಪಕ ನಮಗೆ ಕಂಡಿಲ್ಲ. 1967ರ ಏಪ್ರಿಲ್ 28ರಂದು ಅವರು ಸೈನ್ಯ ಸೇರಲು ನಿರಾಕರಿಸಿದಾಗ ಪಟ್ಟ ಕಿತ್ತುಕೊಂಡರು, ಐದು ವರ್ಷದ ಜೈಲು ಶಿಕ್ಷೆ ವಿಧಿಸಿದರು, ಪತ್ರಿಕೆಗಳು ದೇಶದ್ರೋಹಿ ಎಂದು ಹೀಗಳೆದವು. 1971ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ರದ್ದು ಮಾಡಿತು. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್ ಜ್ಯೋತಿ ಬೆಳಗಿಸಿದ್ದು ಅದೇ ಅಲಿಯ ನಡುಗುವ ಕೈ. 2005ರಲ್ಲಿ ದೇಶದ ಅತ್ಯುನ್ನತ ನಾಗರಿಕ ಗೌರವವನ್ನು ಅವರ ಕೊರಳಿಗೆ ತೊಡಿಸಿದವರು ಯಾರು? ಇರಾಕ್ ಮೇಲೆ ಯುದ್ಧ ಹೂಡಿದ ಅದೇ ಬುಷ್!

ಆ ಇರಾಕ್ ಯುದ್ಧಕ್ಕೆ 2003ರ ಮಾರ್ಚ್‌ನಲ್ಲಿ ಸುಮಾರು ಶೇ. 70ರಷ್ಟು ಅಮೆರಿಕನರ ಬೆಂಬಲವಿತ್ತು. ಸಮೂಹನಾಶಕ ಅಸ್ತ್ರಗಳು ಸಿಗಲಿಲ್ಲ. ಎರಡೇ ವರ್ಷಗಳಲ್ಲಿ ಯುದ್ಧ ತಪ್ಪೆನ್ನುವವರು ಬಹುಮತವಾದರು. 2006ರ ಚುನಾವಣೆಯಲ್ಲಿ ಬುಷ್ ಪಕ್ಷ ಎರಡೂ ಸದನಗಳಲ್ಲಿ ಸೋತಿತು. ಅದಕ್ಕೆ ಅವರ ಉತ್ತರ 2007ರ ಜನವರಿಯಲ್ಲಿ ಬಂತು: ಇನ್ನೂ 20,000ಕ್ಕೂ ಹೆಚ್ಚು ಸೈನಿಕರು ಇರಾಕಿಗೆ!

ಗಾಝಾದ ವಿಷಯದಲ್ಲಿ ಮಾತ್ರ ಹಳೆಯ ಲೆಕ್ಕ ತಪ್ಪಿದೆ. ಅಲ್ಲಿ ಹೋರಾಡಿ ಸತ್ತದ್ದು ಅಮೆರಿಕದ ಸೈನಿಕರಲ್ಲ, ಶವಪೆಟ್ಟಿಗೆಗಳು ಅಯೋವಾಕ್ಕೋ ಓಹಿಯೋಗೋ ಬರಲಿಲ್ಲ. ಆದರೂ ಗ್ಯಾಲಪ್ ಪ್ರಕಾರ ಇಸ್ರೇಲಿನ ಸೇನಾ ಕಾರ್ಯಾಚರಣೆಯನ್ನು ಒಪ್ಪುವವರು 2023ರ ನವೆಂಬರ್‌ನಲ್ಲಿ ಶೇ. 50 ಇದ್ದವರು 2025ರ ಜುಲೈಗೆ ಶೇ. 32ಕ್ಕೆ ಇಳಿದರು, ಒಪ್ಪದವರು ಶೇ. 60ಕ್ಕೆ ಏರಿದರು. ಪರರ ಮಕ್ಕಳ ಸಾವಿಗಾಗಿ ಅಮೆರಿಕದ ಮತ ಇಷ್ಟು ಬೇಗ ಕದಲಿದ್ದು ಅಪರೂಪ. ಎಳೆಯರು ಟಿ.ವಿ. ವಾಹಿನಿಗಳನ್ನು ಕಾಯದೆ, ಗಾಝಾದವರೇ ಕಳುಹಿಸಿದ ಚಿತ್ರಗಳನ್ನು ಮೊಬೈಲಿನಲ್ಲಿ ನೇರವಾಗಿ ನೋಡಿದ್ದು ಇದಕ್ಕೆ ದೊಡ್ಡ ಕಾರಣವೆಂದು ನಮಗನ್ನಿಸುತ್ತದೆ. ಈ ಬಾರಿ ನಾಯಿರಾಳ ನಾಟಕಕ್ಕೆ ಪ್ರೇಕ್ಷಕರು ಕಡಿಮೆ.

ಅದೇ ಜುಲೈ 30ರಂದು ಇಸ್ರೇಲಿಗೆ ಬಂದೂಕು ಮಾರುವುದನ್ನು ತಡೆಯುವ ನಿರ್ಣಯವೊಂದು ಸೆನೆಟ್ ಮುಂದೆ ಬಂತು. ಪರವಾಗಿ 27, ವಿರುದ್ಧ 70. ನಿರ್ಣಯ ಬಿದ್ದಿತು. ಏಪ್ರಿಲ್‌ನಲ್ಲಿ ಅಂತಹದೇ ನಿರ್ಣಯಕ್ಕೆ ಸಿಕ್ಕಿದ್ದು 15 ಮತ.