ಪೇಸ್‌ಮೇಕರ್ ಬದಲಿಸುವ ಮೊದಲು

ಉಪ್ಪನ ಪೇಸ್‌ಮೇಕರ್‌ನ ಬ್ಯಾಟರಿ ಮುಗಿಯುತ್ತಾ ಬಂದಿದೆ ಎಂದಾಗ ಅಂಗಡಿಗೆ ಬಂದವರೆಲ್ಲ ಹೇಳಿದ್ದು ಒಂದೇ: "ಅದೇನು, ಟಾರ್ಚಿಗೆ ಸೆಲ್ ಹಾಕಿದ ಹಾಗೆ." ಮೆಕ್ಯಾನಿಕಲ್ ಡಿಪ್ಲೊಮಾ ಓದಿದ ನನಗೂ ಹಾಗೇ ಅನಿಸಿತ್ತು. ಆಮೇಲೆ ಅದರ ಚರಿತ್ರೆ ಓದಿದೆ.

1958ರ ಅಕ್ಟೋಬರ್ 8ರಂದು ಸ್ವೀಡನ್ನಿನ ಕರೊಲಿನ್ಸ್ಕಾ ಆಸ್ಪತ್ರೆಯಲ್ಲಿ ಸರ್ಜನ್ ಓಕೆ ಸೆನ್ನಿಂಗ್ ಅವರು ಆರ್ನೆ ಲಾರ್ಸನ್ ಎಂಬವರ ದೇಹದೊಳಗೆ ಮೊತ್ತಮೊದಲ ಪೇಸ್‌ಮೇಕರ್ ಇಟ್ಟರು. ಅದನ್ನು ಮಾಡಿದ ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್. ಎಪಾಕ್ಸಿ ಎರಕ ಹೊಯ್ಯಲು ಅವರಿಗೆ ಸಿಕ್ಕಿದ ಅಚ್ಚು ಶೂ ಪಾಲಿಶ್ ಡಬ್ಬಿ! ಕೆಲವೇ ಗಂಟೆಗಳಲ್ಲಿ ಅದು ಕೆಟ್ಟಿತು. ಆದರೂ ಲಾರ್ಸನ್ 86 ವರ್ಷ ಬದುಕಿ 2001ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಅವರಿಗೆ 20ಕ್ಕೂ ಹೆಚ್ಚು ಪೇಸ್‌ಮೇಕರ್ ಹಾಕಲಾಗಿತ್ತು.

ಪ್ರತಿ ಸಲ ಚರ್ಮ ಕೊಯ್ಯಬೇಕು. ಚರ್ಮದ ಮೇಲಿರುವ ಸ್ಟಫಿಲೊಕಾಕಸ್ ಬ್ಯಾಕ್ಟೀರಿಯಾ ಒಳಗೆ ಹೋಗುವುದು ಆಗಲೇ. ಹಳೆಯ ಉಪಕರಣದ ಸುತ್ತ ಗಾಯದ ಪೊರೆ ಕಟ್ಟಿರುತ್ತದೆ. ಅಲ್ಲಿ ರಕ್ತ ಸಂಚಾರ ಕಡಿಮೆ, ಔಷಧ ಸರಿಯಾಗಿ ತಲುಪುವುದಿಲ್ಲ. ಹಾಗಾಗಿ ಮೊದಲ ಸಲಕ್ಕಿಂತ ಬದಲಿಸುವಾಗಲೇ ಸೋಂಕಿನ ಭಯ ಹೆಚ್ಚು. ಲೋಹದ ಮೇಲೆ ಬ್ಯಾಕ್ಟೀರಿಯಾ ಲೋಳೆಯ ಪದರ ಕಟ್ಟಿದರೆ ಬರೀ ಮಾತ್ರೆಯಿಂದ ಹೋಗದು. ಉಪಕರಣದ ಜೊತೆಗೆ, ವರ್ಷಗಟ್ಟಲೆ ರಕ್ತನಾಳಕ್ಕೆ ಅಂಟಿಕೊಂಡ ತಂತಿಗಳನ್ನೂ ತೆಗೆಯಬೇಕಾಗುತ್ತದೆ. ಅದು ಜೀವಕ್ಕೇ ಅಪಾಯ ತರಬಹುದಾದ ಕೆಲಸ.

ನನ್ನ ಲೆಕ್ಕದಲ್ಲಿ ಈ ಸೋಂಕನ್ನು ತಡೆಯಲು ಬ್ಯಾಟರಿ ಮಾಡಿದವರ ಪಾಲೂ ದೊಡ್ಡದು. 1960ರ ದಶಕದ ಪಾದರಸದ ಸೆಲ್‌ಗಳು ಸುಮಾರು ಎರಡು ವರ್ಷ ಬಾಳುತ್ತಿದ್ದವು. ಅವು ಹೈಡ್ರೋಜನ್ ಬಿಡುತ್ತಿದ್ದರಿಂದ ಪೆಟ್ಟಿಗೆಯನ್ನು ಪೂರ್ತಿ ಮುಚ್ಚುವಂತಿರಲಿಲ್ಲ. 1970ರ ದಶಕದಲ್ಲಿ ಬಂದ ಲಿಥಿಯಂ-ಅಯೋಡಿನ್ ಸೆಲ್‌ನಿಂದ ಅನಿಲ ಬರುವುದಿಲ್ಲ. ಟೈಟಾನಿಯಂ ಪೆಟ್ಟಿಗೆಯೊಳಗಿಟ್ಟು ವೆಲ್ಡ್ ಮಾಡಿದರಾಯಿತು, ಎಷ್ಟೋ ವರ್ಷ ನಡೆಯುತ್ತದೆ. ಕೊಯ್ಯುವುದೇ ಕಡಿಮೆಯಾಯಿತು.

ಕೊಯ್ಯುವ ಮುಂಚೆ ಕೊಡುವ ಆಂಟಿಬಯೋಟಿಕ್ ಬಗ್ಗೆ ಬ್ರೆಜಿಲ್‌ನಲ್ಲಿ ಒಂದು ಪರೀಕ್ಷೆ ನಡೆಯಿತು, 2009ರಲ್ಲಿ ಪ್ರಕಟವಾಯಿತು. ಸೆಫಜೊಲಿನ್ ಪಡೆದವರಲ್ಲಿ ಸೋಂಕು ಶೇ. 0.63, ಪಡೆಯದವರಲ್ಲಿ ಶೇ. 3.28. ವ್ಯತ್ಯಾಸ ಎಷ್ಟು ಸ್ಪಷ್ಟವಿತ್ತೆಂದರೆ 649 ಜನರಿಗೇ ಪರೀಕ್ಷೆ ನಿಲ್ಲಿಸಿದರು. ಔಷಧ ಸವರಿದ ಬಲೆಯ ಚೀಲದಲ್ಲಿ ಉಪಕರಣವನ್ನಿಟ್ಟರೆ ಸೋಂಕು ಇನ್ನೂ ಇಳಿಯುತ್ತದೆ ಎಂದು 2019ರಲ್ಲಿ ಸುಮಾರು 7,000 ರೋಗಿಗಳ ಪರೀಕ್ಷೆ ತೋರಿಸಿತು. ಎಲ್ಲರಿಗೂ ಅದು ಬೇಕಿಲ್ಲ, ಬೆಲೆಯೂ ಜಾಸ್ತಿ.

ಉಪ್ಪನ ಆಪರೇಷನ್‌ಗೆ ಮೊದಲು ನಾನು ಡಾಕ್ಟರರನ್ನು ಕೇಳಿದ್ದು ಆ ಇಂಜೆಕ್ಷನ್ ಬಗ್ಗೆ. "ಕೊಯ್ಯುವ ಮುಂಚೆಯೇ ಕೊಡುತ್ತೇವೆ" ಎಂದರು. ಗಾಯ ಕೆಂಪಾದರೆ, ಊದಿಕೊಂಡರೆ ಸೂಜಿ ಚುಚ್ಚಿ ನೀರು ತೆಗೆಸಬೇಡಿ, ನೇರ ಇಲ್ಲಿಗೇ ಬನ್ನಿ ಎಂದೂ ಹೇಳಿದರು. ಮನೆಗೆ ಬಂದ ದಿನವೇ ಉಮ್ಮ ಅರಿಶಿನ, ತೆಂಗಿನೆಣ್ಣೆ ಹಿಡಿದು ನಿಂತಿದ್ದರು. ಅವರನ್ನು ಒಪ್ಪಿಸುವುದೇ ನನಗೆ ದೊಡ್ಡ ಕೆಲಸವಾಯಿತು.